ಅತ್ತೆಯ ಕೈಯ ಎಳನೀರು

ನಮ್ಮತ್ತೆ ಚಿಕ್ಕಬೋರಮ್ಮನಿಗೆ ಇದ್ದಷ್ಟು ಹೊಟ್ಟೆಕಿಚ್ಚನ್ನು ನಾನು ಬೇರೆ ಯಾರಲ್ಲಾದರೂ ಕಂಡಿದ್ದರೆ ಅದು ನಮ್ಮವ್ವ ಮುದ್ದಮ್ಮನಲ್ಲಿ ಮಾತ್ರ. ಇಬ್ಬರ ಕಿಚ್ಚಿಗೂ ಕಾರಣ ಒಬ್ಬನೇ, ನಮ್ಮಪ್ಪ ಜವರಯ್ಯ. ಒಬ್ಬಳಿಗೆ ತಮ್ಮ, ಇನ್ನೊಬ್ಬಳಿಗೆ ಗಂಡ. ಇವರಿಬ್ಬರೂ ಕಿತ್ತಾಡಿಕೊಂಡು ಹಂಚಿಕೊಂಡ ಮೇಲೆ ಉಳಿದಷ್ಟು ಅಪ್ಪ ನನಗೆ ಸಿಕ್ಕ. ಅದರ ಸಿಟ್ಟು ನನಗೆ ಈಗಲೂ ಇದೆ. ಹಾಗಾಗಿ ನಾನು ಹೇಳುವುದರಲ್ಲಿ ಖಾರ ಸ್ವಲ್ಪ ಹೆಚ್ಚಿದ್ದರೆ ಸಹಿಸಿಕೊಳ್ಳಬೇಕು.

ಕೊತ್ತತ್ತಿಯಲ್ಲಿ ನಮ್ಮಜ್ಜಿ ತೀರಿಕೊಂಡಾಗ ಅಪ್ಪ ಇನ್ನೂ ಹಾಲು ಬಿಡದ ಮಗು, ಅತ್ತೆ ಶಾಲೆಗೆ ಹೋಗುತ್ತಿದ್ದ ಹುಡುಗಿ. ಆವತ್ತಿಗೆ ಶಾಲೆ ಮುಗಿಯಿತು. ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡೇ ನಾಲೆಗೆ ಬಟ್ಟೆ ಒಗೆಯಲು ಹೋದಳು, ಗದ್ದೆಗೆ ಬುತ್ತಿ ಹೊತ್ತಳು, ಮುದ್ದೆ ತಿರುವಿದಳು. ಮದ್ದೂರಿನ ಕಡೆಗೆ ಮದುವೆಯಾಗಿ ಹೋಗುವಾಗ ತವರು ಬಿಡುವುದಕ್ಕೆ ಅಳಲಿಲ್ಲವಂತೆ, ಇವನಿಗೆ ಯಾರು ಉಣ್ಣಿಸುತ್ತಾರೆ ಎಂದು ಅತ್ತಳಂತೆ. ಗಂಡ ಬೇಗ ತೀರಿಕೊಂಡ. ಮಕ್ಕಳಾಗಲಿಲ್ಲ. ಉಳಿದದ್ದು ಒಂದು ತುಂಡು ತೆಂಗಿನ ತೋಟ. ಶಿಂಷಾ ಹೊಳೆಯ ಸೇತುವೆ ದಾಟಿದ ಮೇಲೆ ಹಳೇ ಮೈಸೂರು ರಸ್ತೆಯ ಪಕ್ಕದಲ್ಲಿ ಒಂದು ಹುಣಸೆಮರದ ಕೆಳಗೆ ಎಳನೀರು ಸುರಿದುಕೊಂಡು ಕೂತಳು. ಈಗ ವಯಸ್ಸು ಎಪ್ಪತ್ತೈದು ದಾಟಿದೆ, ಮಚ್ಚು ಇನ್ನೂ ಕೈಯಲ್ಲೇ ಇದೆ.

ಬೆರಳಲ್ಲಿ ತಟ್ಟಿ, ಬರೀ ನೀರಾ, ತಿರುಳಿರೋ ಗಂಜಿಯಾ ಎಂದು ಕೇಳಿ, ನಾಲ್ಕೇ ಏಟಿಗೆ ಕೆತ್ತಿ ಕೊಡುತ್ತಾಳೆ. ಅವಳ ಎಳನೀರನ್ನು ಮಾತ್ರ ಯಾರೂ ಹಗುರವಾಗಿ ಆಡಬಾರದು. ಒಮ್ಮೆ ಕಾರಿನವನೊಬ್ಬ ಅರ್ಧ ಕುಡಿದು ಸಪ್ಪೆ ಎಂದುಬಿಟ್ಟ. ಅತ್ತೆ ಅವನ ಕೈಯಿಂದ ಬುರುಡೆ ಕಿತ್ತುಕೊಂಡು, ಮಚ್ಚು ಹಿಡಿದೇ ಎದ್ದು ನಿಂತು, ನಾಲಿಗೆ ತೊಳೆದುಕೊಂಡು ಬಾ ಹೋಗು ಎಂದು ಕಾರಿನವರೆಗೂ ಅಟ್ಟಿಕೊಂಡು ಹೋಗಿದ್ದಳು. ಮಳವಳ್ಳಿ ಬಸ್ಸಿನ ಕಂಡಕ್ಟರುಗಳು ಈಗಲೂ ಅದನ್ನು ಹೇಳಿಕೊಂಡು ನಗುತ್ತಾರೆ. ನಾನು ಮಳವಳ್ಳಿಯಲ್ಲಿ ಟೀಚರ ಕೆಲಸದಲ್ಲಿ ಇರುವುದರಿಂದ ತವರಿಗೆ ಹೋಗುವಾಗೆಲ್ಲ ಮದ್ದೂರಿನಲ್ಲಿ ಇಳಿದು ಅವಳನ್ನು ನೋಡಿಯೇ ಹೋಗಬೇಕು. ನೋಡದೆ ಹೋದರೆ ಸುದ್ದಿ ನನಗಿಂತ ಮುಂಚೆ ಕೊತ್ತತ್ತಿ ತಲುಪಿರುತ್ತದೆ.

ಅಪ್ಪನ ಮದುವೆಯ ದಿನದಿಂದ ಅತ್ತೆಯ ಹೊಟ್ಟೆಯೊಳಗೆ ಉರಿ. ಅವ್ವ ಮಾಡಿದ ಮುದ್ದೆಯಲ್ಲಿ ಗಂಟು ಹುಡುಕುತ್ತಿದ್ದಳು. ಅಪ್ಪ ಮಂಡ್ಯದಿಂದ ಅವ್ವನಿಗೆ ಸೀರೆ ತಂದರೆ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವಿಕೆಗೆ ಅವ್ವ ಮೂರು ದಿನ ಕುದಿಯುತ್ತಿದ್ದಳು. ಊರಿಗೆ ಬರುವಾಗ ಬಸ್ಸಿನ ಮೇಲೆ ಗೊನೆ ಹಾಕಿಸಿಕೊಂಡೇ ಬರುತ್ತಿದ್ದಳು. ಮೊದಲನೆಯದು ತಮ್ಮನಿಗೆ. ಎರಡನೆಯದನ್ನೂ ಅವನ ಕೈಗೇ ಕೊಟ್ಟು, ನಿನ್ನ ಹೆಂಡತಿಗೂ ಕೊಡು ಎನ್ನುತ್ತಿದ್ದಳು. ನಲವತ್ತು ವರ್ಷದಲ್ಲಿ ಒಂದೇ ಒಂದು ಎಳನೀರೂ ಅತ್ತೆಯ ಕೈಯಿಂದ ನೇರವಾಗಿ ಅವ್ವನ ಕೈಗೆ ಹೋಗಲಿಲ್ಲ. ಅವ್ವನೂ ಕಡಿಮೆಯವಳಲ್ಲ. ಒಂದು ಗುಟುಕು ಕುಡಿದು, ಸಪ್ಪೆ ಎಂದು ಹೇಳಿ, ಉಳಿದದ್ದನ್ನು ಎಲ್ಲರ ಎದುರಿಗೇ ಕರು ನೀರು ಕುಡಿಯುವ ಬಾನಿಗೆ ಸುರಿಯುತ್ತಿದ್ದಳು.

ಹೋದ ವರ್ಷ ಅಪ್ಪನಿಗೆ ನಾಲೆ ಏರಿ ಹತ್ತುವಷ್ಟರಲ್ಲಿ ಉಸಿರು ಕಟ್ಟತೊಡಗಿತು. ಹೃದಯದ ವಾಲ್ವು ಕಲ್ಲುಗಟ್ಟಿದೆ ಎಂದರು. ಶ್ವಾಸಕೋಶವೂ ಕೆಟ್ಟಿದ್ದರಿಂದ ಎದೆ ಸೀಳುವುದು ಬೇಡ, ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ ಅದರಲ್ಲೇ ಹೊಸ ವಾಲ್ವು ಕೂರಿಸೋಣ ಎಂದು ಬೆಂಗಳೂರಿನ ಆಸ್ಪತ್ರೆಯವರು ಹೇಳಿದರು. ರೋಗಿಯ ಜೊತೆ ಇರುವುದಕ್ಕೆ ಒಬ್ಬರಿಗೆ ಮಾತ್ರ ಪಾಸು. ಪಾಸು ಅವ್ವನ ಕೊರಳಿಗೆ ಬಿತ್ತು. ಅವ್ವ ಅದನ್ನು ಸೆರಗಿನ ಮೇಲೆ ಕಾಣುವ ಹಾಗೆ ಹಾಕಿಕೊಂಡು ಓಡಾಡಿದಳು. ಅತ್ತೆ ಕೆಳಗೆ ಕ್ಯಾಂಟೀನಿನ ಕಟ್ಟೆಯ ಮೇಲೆ ಕೂತು, ಆ ಪಾಸಿನ ದಾರವನ್ನೇ ನೋಡುತ್ತಿದ್ದಳು. ಪಾಸು ಸಿಗದವರಲ್ಲಿ ನಾನೂ ಒಬ್ಬಳು, ಆದರೆ ಅದು ಯಾರಿಗೂ ನೆನಪಾಗಲಿಲ್ಲ.

ವಾಲ್ವು ಚೆನ್ನಾಗಿಯೇ ಕೂತಿತು. ಕೆಟ್ಟದ್ದು ಕಿಡ್ನಿ. ಎರಡು ದಿನ ಕಳೆಯುವಷ್ಟರಲ್ಲಿ ಅಪ್ಪನ ಕಾಲು ಊದಿತು, ಮೂತ್ರ ಕಡಿಮೆಯಾಯಿತು. ದಾರಿ ಕಾಣಲೆಂದು ರಕ್ತದೊಳಗೆ ಬಿಟ್ಟ ಬಣ್ಣದ ಔಷಧಿ, ಜೊತೆಗೆ ಆ ಹೊತ್ತಿನಲ್ಲಿ ಇಳಿದ ಬೀಪಿ, ಮೊದಲೇ ಬಳಲಿದ್ದ ಕಿಡ್ನಿಗಳನ್ನು ಸೋಲಿಸಿವೆ ಎಂದರು. ಸುದ್ದಿ ಕೆಳಗೆ ಬಂದದ್ದೇ ಅತ್ತೆ ಕಾವಲುಗಾರನನ್ನು ತಳ್ಳಿಕೊಂಡು ಮೇಲೆ ಹತ್ತಿ, ನನ್ನದೊಂದು ತೆಗೆದು ಅವನಿಗೆ ಹಾಕಿ ಎಂದಳು. ಅವ್ವ ತಕ್ಷಣ ಎದ್ದು, ಹೆಂಡತಿ ನಾನಿರುವಾಗ ಅವರದ್ದು ಯಾಕೆ ಎಂದಳು. ಡಾಕ್ಟರು ನಕ್ಕು, ಯಾರದ್ದೂ ಬೇಡ, ಕಾಪಾಡಿಕೊಂಡರೆ ಅವರದ್ದೇ ನಿಧಾನಕ್ಕೆ ಚೇತರಿಸಿಕೊಳ್ಳಬಹುದು ಎಂದರು. ಇಬ್ಬರ ಮುಖವೂ ಸ್ವಲ್ಪ ಇಳಿಯಿತು.

ಮನೆಗೆ ಕಳಿಸುವಾಗ ವಾರಕ್ಕೊಮ್ಮೆ ಮಂಡ್ಯದಲ್ಲಿ ಕಿಡ್ನಿ ಡಾಕ್ಟರು ಚಿತ್ರಾ ಅವರಿಗೆ ತೋರಿಸಬೇಕೆಂದು ಹೇಳಿದರು. ಅವರು ಅವ್ವನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕುಡಿಯುವ ನೀರು ಅಳತೆಯಲ್ಲಿ. ಉಪ್ಪು ಕಡಿಮೆ. ಬಾಳೆಹಣ್ಣು ಬೇಡ. ಸೊಪ್ಪು ಬೇಯಿಸಿ ಬಸಿದ ನೀರನ್ನು ಚೆಲ್ಲಿಬಿಡಬೇಕು. ಆ ನೀರು ಚೆಲ್ಲಿದ ಮೇಲೆ ಬಸ್ಸಾರು ಎಲ್ಲಿಂದ ಬರುತ್ತದೆ ಎಂದು ಅಪ್ಪ ಗೊಣಗಿದ. ಎಳನೀರಂತೂ ಒಂದು ತೊಟ್ಟೂ ಕೂಡದು, ಅದರಲ್ಲಿರುವ ಪೊಟ್ಯಾಷಿಯಂ ಎಂಬ ಉಪ್ಪನ್ನು ಸೋತ ಕಿಡ್ನಿ ಹೊರಗೆ ಹಾಕಲಾರದು, ಅದು ಮೈಯಲ್ಲಿ ಏರಿದರೆ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು ಎಂದರು. ನಮ್ಮ ಕಡೆ ಜ್ವರ ಬಂದವರಿಗೂ, ಹೆತ್ತವಳಿಗೂ, ಆಸ್ಪತ್ರೆಯಿಂದ ಬಂದವರಿಗೂ ಮೊದಲು ಕೊಡುವುದೇ ಎಳನೀರು. ಅದು ವಿಷವಾಗಬಹುದು ಎಂದರೆ ಬಿಡಿಸಿ ಹೇಳದೆ ಯಾರೂ ನಂಬುವುದಿಲ್ಲ.

ಅವ್ವ ಬಿಡಿಸಿ ಹೇಳಲಿಲ್ಲ. ಡಾಕ್ಟರು ತನ್ನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದ ಮಾತು ಅದು. ನಲವತ್ತು ವರ್ಷದ ಮೇಲೆ ಅವಳ ಕೈಗೆ ಒಂದು ಅಧಿಕಾರ ಬಂದಿತ್ತು, ಅದರಲ್ಲಿ ಪಾಲು ಕೊಡಲು ಅವಳಿಗೆ ಮನಸ್ಸಿರಲಿಲ್ಲ. ತಮ್ಮ ಸುಧಾರಿಸಿಕೊಳ್ಳುವವರೆಗೆ ಇದ್ದು ಹೋಗುತ್ತೇನೆಂದು ಅತ್ತೆ ಎರಡು ಗೊನೆಯ ಸಮೇತ ಬಂದಿಳಿದಾಗ ಅವ್ವ ಬಾಗಿಲಲ್ಲೇ ನಿಂತು ಇಷ್ಟೇ ಹೇಳಿದಳು.

"ಅವ್ರಿಗೆ ನಿಮ್ ಎಳ್ನೀರು ಬ್ಯಾಡ ಅತ್ಗೆ."

ನಿಮ್ಮ ಎಳನೀರು ಎಂದಳು. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಬೇರೇನೂ ಕೇಳಿಸಲಿಲ್ಲ. ತನ್ನ ಕೈಯಿಂದ ಅವನ ಬಾಯಿಗೆ ಹೋಗುತ್ತಿದ್ದ ಕೊನೆಯದೊಂದನ್ನೂ ಇವಳು ತಪ್ಪಿಸಿದಳು ಎಂದುಕೊಂಡಳು. ಗೊನೆಗಳನ್ನು ಕೊಟ್ಟಿಗೆಯ ಹುಲ್ಲಿನ ಹಿಂದೆ ಇಟ್ಟಳು.

ಸಂಜೆ ಸ್ವಲ್ಪ ನಡೆದಾಡಬೇಕೆಂದು ಅಪ್ಪನಿಗೆ ಹೇಳಿದ್ದರು. ಅವ್ವನಿಗೆ ಹಾಲು ಕರೆಯುವ ಹೊತ್ತು ಅದು, ಅತ್ತೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ನಾಲೆ ಏರಿಯ ಮೇಲೆ ಅವನನ್ನು ಕೂರಿಸಿ, ಮಡಿಲಿನಿಂದ ಎಳನೀರು ತೆಗೆದು ಕೆತ್ತಿ ಕೊಡುತ್ತಿದ್ದಳು. ಡಾಕ್ಟರು ಹೇಳುವಾಗ ಅಪ್ಪನೂ ಅಲ್ಲೇ ಕೂತಿದ್ದವನು, ಕೂಡದು ಎಂಬುದು ಅವನ ಕಿವಿಗೂ ಬಿದ್ದಿತ್ತು. ಆದರೆ ಅಕ್ಕ ಬಾಯಿಗೆ ಹಿಡಿದದ್ದನ್ನು ಬೇಡ ಎಂದು ಅವನು ಹುಟ್ಟಿದಾಗಿನಿಂದ ಹೇಳಿದವನಲ್ಲ. ಲೋಟದಲ್ಲಿ ಅಳೆದು ಕೊಟ್ಟ ನೀರು ಸಾಲದೆ ಒಣಗಿದ್ದ ಬಾಯಿ ಬೇರೆ. ಕುಡಿದ.

ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ ಅಪ್ಪನಿಗೆ ಹಾಸಿಗೆಯಿಂದ ಕಾಲೆತ್ತಲು ಆಗಲಿಲ್ಲ. ನಾಡಿ ಸಿಕ್ಕೂ ಸಿಗದ ಹಾಗೆ ಬಡಿಯುತ್ತಿತ್ತು. ಊರಿನಲ್ಲಿ ಬಾಡಿಗೆ ಕಾರು ಓಡಿಸುವ ಸ್ವಾಮಿಯ ಕಾರಿನಲ್ಲಿ ಹಾಕಿಕೊಂಡು ಮಂಡ್ಯಕ್ಕೆ ಓಡಿದರು. ನಾನು ಮಳವಳ್ಳಿಯಿಂದ ಸೇರಿಕೊಳ್ಳುವಷ್ಟರಲ್ಲಿ ಇಂಜೆಕ್ಷನ್ನುಗಳ ಮೇಲೆ ಇಂಜೆಕ್ಷನ್ನು ಕೊಟ್ಟು, ಡಯಾಲಿಸಿಸ್ ಯಂತ್ರಕ್ಕೆ ಹಾಕಿದ್ದರು. ಡಾಕ್ಟರು ಚಿತ್ರಾ ಹೊರಗೆ ಬಂದು ನಮ್ಮ ಮೂವರನ್ನೂ ನಿಲ್ಲಿಸಿಕೊಂಡರು. ಪೊಟ್ಯಾಷಿಯಂ ಮಿತಿ ಮೀರಿದೆ, ತಿನ್ನುವ ಕುಡಿಯುವ ವಿಷಯದಲ್ಲಿ ಏನಾದರೂ ತಪ್ಪಾಗಿದೆಯೇ ಎಂದು ಕೇಳಿದರು. ಏನೂ ಆಗಿಲ್ಲವೆಂದರೆ ಕಿಡ್ನಿ ತಾನಾಗಿಯೇ ಪೂರ್ತಿ ಕೈಬಿಡುತ್ತಿದೆ ಎಂದರ್ಥ, ಇನ್ನು ಬದುಕಿರುವವರೆಗೂ ಡಯಾಲಿಸಿಸ್ಸಿಗೆ ಸಿದ್ಧರಾಗಬೇಕು ಎಂದರು. ಕೇಳಿದ್ದು ಅವ್ವನನ್ನು ನೋಡಿಕೊಂಡು. ಅಳತೆಯ ಲೋಟ ಅವಳ ಕೈಯಲ್ಲಿತ್ತಲ್ಲ.

ನೀವು ಹೇಳಿದಷ್ಟನ್ನೇ ಕೊಟ್ಟೆ ಎಂದು ಅವ್ವ ಮತ್ತೆ ಮತ್ತೆ ಹೇಳಿದಳು, ಡಾಕ್ಟರು ನಂಬಿದ ಹಾಗೆ ಕಾಣಲಿಲ್ಲ. ಅತ್ತೆ ಗೋಡೆಗೆ ಒರಗಿ ನಿಂತಿದ್ದಳು. ಸುಮ್ಮನಿದ್ದಿದ್ದರೆ ತಪ್ಪೆಲ್ಲ ಅವ್ವನ ತಲೆಗೆ ಬರುತ್ತಿತ್ತು. ಜೀವಮಾನವಿಡೀ ಅತ್ತೆ ಕಾಯುತ್ತಿದ್ದ ಗಳಿಗೆ ಅದು.

"ಅವ್ಳೇನೂ ಕೊಟ್ಟಿಲ್ಲ. ನಾನು ಕೊಟ್ಟೆ," ಎಂದಳು ಅತ್ತೆ. "ದಿನಾ ಎಲ್ಡು ಎಳ್ನೀರು. ಅವ್ಳು ಬ್ಯಾಡ ಅಂದ್ಲಲ್ಲಾ, ಅದ್ಕೇ ಕೊಟ್ಟೆ ಕಣವ್ವ."

ಡಾಕ್ಟರಿಗೆ ಸಿಟ್ಟು ಬಂತು. ಯಾಕೆ ಬೇಡ ಎಂಬುದನ್ನು ಇವರಿಗೆ ನೀವು ಹೇಳಲೇ ಇಲ್ಲವೇ ಎಂದು ಅವ್ವನ ಕಡೆ ತಿರುಗಿದರು. ಅವ್ವ ನೆಲ ನೋಡಿದಳು. ಆಮೇಲೆ ಡಾಕ್ಟರೇ ಅತ್ತೆಗೆ ಎಲ್ಲವನ್ನೂ ಹೇಳಿದರು. ಎಳನೀರಿನಿಂದ ಅವನ ಎದೆ ನಿಂತುಹೋಗಬಹುದಿತ್ತು ಎಂಬುದನ್ನು ಕೇಳುತ್ತ ಅತ್ತೆ ತನ್ನ ಎರಡು ಕೈಗಳನ್ನೂ ಸೆರಗಿನೊಳಗೆ ಎಳೆದುಕೊಂಡಳು.

"ಇದ್ನ ಒಂದ್ ಮಾತು ಏಳ್ಬಾರ್ದಾಗಿತ್ತೇನೇ ಮುದ್ದಿ?" ಎಂದಳು. ಅತ್ತೆ ತಮ್ಮನ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಮದ್ದೂರಿನ ಬಸ್ಸು ಹತ್ತಿದಳು.

ಮತ್ತೆ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಅವ್ವ ಗೆದ್ದಿದ್ದಳು, ಆದರೆ ವಾರ್ಡಿನ ಬಾಗಿಲು ಸದ್ದಾದಾಗೆಲ್ಲ ತಲೆಯೆತ್ತಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಡಯಾಲಿಸಿಸ್ಸಿನ ಮಂಪರಿನಲ್ಲಿ ಅಪ್ಪ ಅಕ್ಕಾ ಎಂದ. ಕೈಹಿಡಿದು ಕೂತಿದ್ದವಳು ಅವ್ವ, ಕಾಲೊತ್ತುತ್ತಿದ್ದವಳು ನಾನು. ನನಗೆ ಮೈಯೆಲ್ಲ ಉರಿಯಿತು. ಅವ್ವ ಕೈ ಬಿಡಲಿಲ್ಲ, ಆದರೆ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಳು.

ನಾಲ್ಕೈದು ಸಲ ಡಯಾಲಿಸಿಸ್ ಆದ ಮೇಲೆ ಮೂತ್ರ ಸರಿಯಾಗಿ ಇಳಿಯತೊಡಗಿತು. ಯಂತ್ರ ಬೇಡವಾಯಿತು. ಕಿಡ್ನಿ ಪೂರ್ತಿ ಮೊದಲಿನಂತಾಗುವುದಿಲ್ಲ, ಪಥ್ಯ ಇನ್ನು ಕೊನೆಯವರೆಗೂ, ಎಳನೀರಿನ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಅಪ್ಪನಿಗೆ ನೇರವಾಗಿಯೇ ಹೇಳಿದರು. ವಾಲ್ವು ಹೇಗಿದೆಯೋ ಒಮ್ಮೆ ನೋಡಿಸಿ ಎಂದದ್ದಕ್ಕೆ ಬೆಂಗಳೂರಿಗೂ ಹೋಗಿ ಬಂದೆವು. ಅಲ್ಲಿ ಎಲ್ಲ ಸರಿಯಿತ್ತು. ವಾಪಸ್ಸು ಬರುವಾಗ ಸ್ವಾಮಿ ಹೊಸ ಹೆದ್ದಾರಿಯಲ್ಲೇ ಸೀದಾ ಮಂಡ್ಯಕ್ಕೆ ಹೋಗುವವನಿದ್ದ. ಮದ್ದೂರಿನ ತಿರುವು ಹತ್ತಿರವಾದಾಗ ಕಾರನ್ನು ಹಳೇ ರಸ್ತೆಗೆ ಇಳಿಸು ಎಂದವಳು ಅವ್ವ. ಯಾಕೆ ಎಂದು ನಾನು ಕೇಳಿದೆ. ಬಾಯಾರಿಕೆ ಎಂದಳು. ಕಾಲ ಬಳಿ ನೀರಿನ ಬಾಟಲಿ ತುಂಬಿಯೇ ಇತ್ತು.

ಅತ್ತೆ ಹುಣಸೆಮರದ ಕೆಳಗೆ ಎರಡು ಮೂರು ಗಿರಾಕಿಗಳಿಗೆ ಕೆತ್ತಿ ಕೊಡುತ್ತ ನಿಂತಿದ್ದಳು. ಕಾರು ಕಂಡು ಮಚ್ಚು ಇಳಿಸಿದಳು. ಹತ್ತಿರ ಬಂದು ಕಿಟಕಿಯೊಳಗೆ ತಮ್ಮನನ್ನು ನೋಡಿದಳು, ಅವನ ಕೆನ್ನೆಯನ್ನು ಒಮ್ಮೆ ಸವರಿದಳು. ಆಮೇಲೆ ರಾಶಿಯ ಕಡೆ ಹೋಗಿ ಒಂದೊಂದನ್ನೇ ತಟ್ಟಿ, ಒಂದು ಗೊನೆಯಿಂದ ಎರಡು ಕಿತ್ತು ಕೆತ್ತಿದಳು. ಒಂದನ್ನು ಮುಂದಿನ ಸೀಟಿನಲ್ಲಿದ್ದ ನನಗೆ ಕೊಟ್ಟಳು. ಇನ್ನೊಂದನ್ನು ಹಿಡಿದು ಬಂದಾಗ ಅಪ್ಪನ ಕೈ ಅಭ್ಯಾಸಬಲದಿಂದ ಕಿಟಕಿಯಾಚೆ ಚಾಚಿತು. ಅತ್ತೆಯ ಕೈಯೂ ಅರ್ಧ ದಾರಿ ಬಂದು ನಿಂತಿತು. ಅವಳು ಕಾರನ್ನು ಸುತ್ತು ಹಾಕಿ ಆಚೆ ಬದಿಗೆ ಹೋಗಿ, ಎಳನೀರನ್ನು ಅವ್ವನ ಕೈಯಲ್ಲಿ ಇಟ್ಟಳು.

ಅವ್ವ ಬಾಯಿಂದ ಇಳಿಸದೆ ಕುಡಿದಳು. ಅಪ್ಪ ಪಕ್ಕದಲ್ಲಿ ಕೂತು ಅವಳ ಗಂಟಲನ್ನೇ ನೋಡುತ್ತಿದ್ದ. ಎಪ್ಪತ್ತರ ಮುದುಕ, ಕಣ್ಣಲ್ಲಿ ನೀರು ತುಂಬಿಕೊಂಡು ಹೆಂಡತಿಯ ಎಳನೀರಿಗೆ ಕರುಬುತ್ತಿದ್ದ.

"ಎಂಗದೆ?" ಎಂದು ಕೇಳಿದ.

"ಸಪ್ಪೆ," ಎಂದಳು ಅವ್ವ.

ಅದೇ ಗೊನೆಯದು ನನ್ನ ಕೈಯಲ್ಲೂ ಇತ್ತು, ತುಟಿ ಅಂಟುವಷ್ಟು ಸಿಹಿ. ಗಿರಾಕಿಗಳು ಕುಡಿಯುವುದನ್ನು ಬಿಟ್ಟು ಇತ್ತ ನೋಡಿದರು. ಅತ್ತೆಯ ಕೈಯಲ್ಲಿ ಮಚ್ಚು ಹಾಗೇ ಇತ್ತು. ಇವತ್ತು ಅವ್ವನ ಕಥೆ ಮುಗಿಯಿತು ಎಂದುಕೊಂಡೆ. ಅತ್ತೆ ಅವ್ವನ ಕೈಯಲ್ಲಿದ್ದ ಬುರುಡೆಯನ್ನು ತೆಗೆದುಕೊಂಡು ಮಗುಚಿದಳು. ಒಂದು ಹನಿಯೂ ಬೀಳಲಿಲ್ಲ. ಅವ್ವನ ಮುಖವನ್ನು ನೋಡಿದಳು, ಆಮೇಲೆ ತಮ್ಮನ ಮುಖವನ್ನು. ನಿಂತ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಊಂ ಕಣ್ಲಾ ಜವರ. ಈ ಸಲದ ಗೊನೆ ಪೂರಾ ಸಪ್ಪೆ."