ಅತ್ತೆ ಆರಿಸಿದ ಸಬ್‌ವೂಫರ್

ಗೆಳೆಯರೇ, ಇವತ್ತು ಸಿಡ್ನಿಯಲ್ಲಿ ಅಗ್ಗದ ಸಬ್‌ವೂಫರ್ ಕೊಳ್ಳಲು ಹೋಗಿದ್ದೆವು. ನಮ್ಮ ಟಿವಿ ಕೋಣೆ ಥಿಯೇಟರಿನಂತೆ ಗುಡುಗಬೇಕೆಂಬುದು ನನ್ನ ಬಹುದಿನದ ಆಸೆ. ಅಂಗಡಿಯಲ್ಲಿ ನಾನು ಬಾಸ್‌ನ ಗುಡುಗು ಕೇಳಿ ತಲೆದೂಗುತ್ತಿದ್ದರೆ, ಹುಬ್ಬಳ್ಳಿಯಿಂದ ಬಂದಿರುವ ಅತ್ತೆ ಒಂದೊಂದೇ ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದರು.

"ಇದು ಬ್ಯಾಡ್ರಿ, ಭಾಳ ಗಿಡ್ಡ ಐತಿ. ಮೊಣಕಾಲು ಹಿಡೀತಾವ."

"ಅತ್ತೆ, ಅದು ಸ್ಟೂಲ್ ಅಲ್ಲ, ಸ್ಪೀಕರ್!"

"ಇರಲಿ ಬಿಡ್ರಿ. ಟಿವಿ ಮುಂದ ಕುಂದ್ರಾಕ ನನಗೂ ಏನರ ಬೇಕಲ್ಲ?"

ಅತ್ತೆ ಎದ್ದು ಪಕ್ಕದ ಎತ್ತರದ ಪೆಟ್ಟಿಗೆಯ ಮೇಲೆ ಆರಾಮಾಗಿ ಕೂತರು. ಸೇಲ್ಸ್‌ಮನ್ ಗಾಬರಿಯಿಂದ ಓಡಿಬಂದ. ನನ್ನ ಹೆಂಡತಿ ತಣ್ಣಗೆ, "ಅವ್ವ ಕುಂತಾಳಲ್ಲ, ಅದನ್ನ ತಗೊಂಡುಬಿಡ್ರಿ" ಎಂದಳು.

ಸಂಜೆ ಮನೆಯಲ್ಲಿ ಜೋಡಿಸಿ ಯುದ್ಧದ ಸಿನಿಮಾ ಹಾಕಿದೆ. ಅತ್ತೆ ಸಬ್‌ವೂಫರ್ ಮೇಲೆಯೇ ಕೂತರು. ಮೊದಲ ಬಾಂಬ್ ಸಿಡಿಯಿತು. ಅವರ ಮುಖ ಅರಳಿತು.

"ಸೊಂಟಕ್ಕ ಭಾಳ ಹಿತ ಆತ್ರಿ. ಇನ್ನೊಂದು ಬಾಂಬ್ ಹಾಕ್ರಿ!"

ನಾನೀಗ ರಿಮೋಟ್ ಹಿಡಿದ ಫಿಸಿಯೋಥೆರಪಿಸ್ಟ್.