ಅಪ್ಪನಿಗೆ ಏನಾಗಿತ್ತು

ಗಲ್ಫಿನ ಈ ಮತ್ರಾ ಪೇಟೆಯ ಔಷಧಿ ಅಂಗಡಿಯಲ್ಲಿ ಇವತ್ತು ಸಂಜೆ ಯಾರೋ ಮೊಣಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ವಾಸನೆಯ ಮೇಲೆ ಸಿಟ್ಟಾಗುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಅದು ನನ್ನ ಅವಳಿ ಅಣ್ಣ ಸುಧೀರನ ಶುಕ್ರವಾರಗಳ ವಾಸನೆ.

ಅಣ್ಣ ಎಂದರೆ ಏಳು ನಿಮಿಷಕ್ಕೆ ದೊಡ್ಡವನು. ಮುಖ ಇಬ್ಬರದೂ ಒಂದೇ, ತೋಳು ಮಾತ್ರ ಅವನಿಗೆ. ರುಸೈಲ್‌ನ ಕಾರ್ಖಾನೆಯಲ್ಲಿ ಅವನು ಯಂತ್ರದ ಹತ್ತಿರ, ನಾನು ಫೈಲುಗಳ ಹತ್ತಿರ. ಶುಕ್ರವಾರದ ರಜೆಗೆ ಇಲ್ಲಿರುವ ನಮ್ಮ ಊರಿನವರು ಆಡುವ ಹಗ್ಗಜಗ್ಗಾಟದಲ್ಲಿ, ತೋಳಿಗೆ ಆ ಸ್ಪ್ರೇ ಹೊಡೆದುಕೊಂಡು ಹಗ್ಗದ ತುದಿ ಮೈಗೆ ಸುತ್ತಿಕೊಂಡು ನಿಲ್ಲುವವನು ಅವನೇ. ಮರುದಿನ ಕ್ಯಾಂಟೀನಿನಲ್ಲಿ ಜನ ತಪ್ಪಿ ನನ್ನ ಬೆನ್ನು ತಟ್ಟುತ್ತಿದ್ದರು. ನಾನೂ ನಾಚಿಕೆಯಿಲ್ಲದೆ ತಟ್ಟಿಸಿಕೊಳ್ಳುತ್ತಿದ್ದೆ.

ಕಳೆದ ಚಳಿಗಾಲದ ಒಂದು ಶುಕ್ರವಾರ, ಎರಡನೆಯ ಎಳೆತದಲ್ಲಿ ಅವನು ಹಿಂದಕ್ಕೆ ಬಿದ್ದ. ಜಾರಿದನೆಂದು ಜನ ನಕ್ಕರು. ನಾನೂ ನಕ್ಕೆ. ಅವನು ಏಳಲಿಲ್ಲ. ವಾರದ ಹಿಂದಷ್ಟೇ, "ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬರ್ತದೆ ಮಾರಾಯ" ಅಂದಿದ್ದ. "ನೀರು ಕುಡಿ" ಅಂದಿದ್ದೆ ನಾನು.

ಆಸ್ಪತ್ರೆಯ ಡಾಕ್ಟರು ನನ್ನ ಮುಖ ನೋಡಿ ಬೆಚ್ಚಿದರು. ಮನೆಯಲ್ಲಿ ಯಾರಾದರೂ ಸಣ್ಣ ವಯಸ್ಸಿನಲ್ಲಿ ಹೀಗೆ ಹೋಗಿದ್ದಾರಾ ಎಂದು ಹಿಂದಿಯಲ್ಲಿ ಕೇಳಿದರು. ನಮಗೆ ಮೂರು ವರ್ಷವಿದ್ದಾಗ, ದೋಣಿಯನ್ನು ದಡಕ್ಕೆ ಎಳೆಯುತ್ತಾ ಅಪ್ಪ ಬಿದ್ದು ಸತ್ತಿದ್ದರು. ಬಿಸಿಲು ಬಡಿದದ್ದು ಎಂದೇ ನಮಗೆ ಹೇಳಿದ್ದು. ಊರಿಗೆ ಫೋನ್ ಮಾಡಿದೆ. ಅಮ್ಮ ಅಳುತ್ತಾ ಫೋನನ್ನು ಸೋದರಮಾವನ ಕೈಗೆ ಕೊಟ್ಟರು.

"ಹೃದಯದ ಗೋಡೆ ದಪ್ಪ ಆಗಿತ್ತು ಅಂತ ಆಗಲೇ ಡಾಕ್ಟರ್ ಹೇಳಿದ್ರು. ಮಕ್ಕಳಿಗೂ ಬರಬಹುದು ಅಂತ. ಅದನ್ನು ಹೇಳಿಕೊಂಡು ತಿರುಗಿದ್ರೆ ನಿಮಗೆ ಹೆಣ್ಣು ಯಾರು ಕೊಡ್ತಿದ್ರು?"

"ಕೊಟ್ರಲ್ಲ ಮಾವ. ಈಗ ಆ ಅತ್ತಿಗೆಯ ಮುಖವನ್ನು ನೀವೇ ಬಂದು ನೋಡಿ" ಅಂದೆ.

ನನ್ನನ್ನೂ ಪರೀಕ್ಷಿಸಿದರು. ಅದೇ ಹೃದಯ. ಹಾಸಿಗೆಯ ಮೇಲೆ ಅರ್ಧ ಗಂಟೆ ಮಲಗುವಷ್ಟೇ ಕೆಲಸ. ಸುಧೀರನಿಗೂ ಅಷ್ಟೇ ಸಾಕಿತ್ತು.

ಇವತ್ತು ನನ್ನ ಮಾತ್ರೆ ಹಿಡಿದು ಅಂಗಡಿಯಿಂದ ಹೊರಬರುವಾಗ ಮಾವನ ಫೋನ್ ಬಂತು. ನಾಳೆ ಸುಧೀರನ ಮಗಳ ಹೃದಯದ ಪರೀಕ್ಷೆ. ಅವಳು ಶಾಲೆಯ ಓಟಗಾರ್ತಿ. "ಹೆಣ್ಣು ಮಗು. ಗುಟ್ಟಾಗಿ ಮಾಡಿಸು, ಊರಲ್ಲಿ ಗೊತ್ತಾಗುವುದು ಬೇಡ."

"ಗುಟ್ಟು ಎಲ್ಲ ಖಲಾಸ್ ಮಾವ" ಎಂದು ಫೋನ್ ಇಟ್ಟೆ. ಅಪ್ಪನಿಗೆ, ಸುಧೀರನಿಗೆ, ನನಗೆ ಏನಾಗಿದೆ ಎಂಬುದನ್ನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರೆದುಹಾಕಿದೆ. ಮಾವ ಗುಂಪು ಬಿಟ್ಟರು. ಬಿಡಲಿ.

ಹತ್ತು ನಿಮಿಷಕ್ಕೆ ಇದೇ ದೇಶದ ಸಹಮ್‌ನಲ್ಲಿರುವ ಚಿಕ್ಕಪ್ಪನ ಮಗ ಬರೆದ: "ಅಣ್ಣ, ಫುಟ್ಬಾಲ್ ಆಡುವಾಗ ನನಗೂ ಎದೆ ಹಿಡಿದ ಹಾಗೆ ಆಗ್ತದೆ. ಯಾರಿಗೂ ಹೇಳಿರ್ಲಿಲ್ಲ. ಎಲ್ಲಿ ತೋರಿಸುವುದು?"

ಮೊದಲು ಆಟ ನಿಲ್ಲಿಸು, ನಾಳೆ ನಮ್ಮ ಜೊತೆಗೇ ಬಾ ಎಂದು ಬರೆದೆ.