ಲ್ಯಾಮಿನೇಷನ್ ಮಾಡಿಸಿದ ಚೀಟಿ

ಹೊಸದುರ್ಗದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ. ಎಂಟಡಿ ಅಗಲ, ಹತ್ತಡಿ ಉದ್ದ. ಒಳಗೆ ಹೋಗಬೇಕಾದರೆ ಕೌಂಟರಿನ ಹಲಗೆ ಎತ್ತಿ, ನುಸುಳಿ, ಮತ್ತೆ ಇಳಿಸಬೇಕು. ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಆ ಹಲಗೆ ಇಳಿಸಿಕೊಂಡು ನಿಲ್ಲುತ್ತಿದ್ದೇನೆ. ನನ್ನ ಬಾಯಿ ಜೋರು ಎಂದು ಗಿರಾಕಿಗಳು ಹೇಳುತ್ತಾರೆ, ಅದೇನೂ ಸುಳ್ಳಲ್ಲ. ಮಾತ್ರೆಯ ಹೆಸರು ಮರೆತು "ಕೆಂಪಗೆ ದುಂಡಗೆ ಇರ್ತಾವಲ್ಲ, ಅವು ಕೊಡ್ರಿ" ಅನ್ನುವವರ ಮುಂದೆ ದಿನವಿಡೀ ನಿಂತರೆ ಯಾರ ಬಾಯಿಯಾದರೂ ಜೋರಾಗುತ್ತದೆ.

ರಾಮಗಿರಿ ಸ್ಟೇಷನ್ ಹತ್ತಿರ ಮಂಡಕ್ಕಿ, ಮಿರ್ಚಿ ಮಾರುವ ಒಬ್ಬರು ತಿಂಗಳಿಗೊಮ್ಮೆ ನನ್ನಲ್ಲಿಗೆ ಬರುತ್ತಿದ್ದರು. ಅವರ ಹೆಂಡತಿಗೆ ಫಿಟ್ಸ್. ಮಾತ್ರೆ ತಪ್ಪಿಸದಿದ್ದರೆ ಆಕೆ ಎಲ್ಲರಂತೆ ಗಟ್ಟಿಮುಟ್ಟು. ಎರಡು ವರ್ಷದಿಂದ ಒಮ್ಮೆಯೂ ಬಿದ್ದಿರಲಿಲ್ಲ. ರಾಮಗಿರಿಯಲ್ಲೂ ಔಷಧಿ ಅಂಗಡಿ ಇದೆಯಲ್ಲ, ಇಷ್ಟು ದೂರ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಊರಾಗೆ ಗೊತ್ತಾಗದು ಬ್ಯಾಡ ಸಾರ್. ಗೊತ್ತಾದ್ರೆ ಆಕಿ ಕೈಯಾಗಿನ ಮಿರ್ಚಿ ಯಾರೂ ತಿನ್ನಲ್ಲ" ಅಂದಿದ್ದರು.

ಈ ಮಾತ್ರೆ ಸುಮ್ಮನೆ ಕೊಡುವಂಥದ್ದಲ್ಲ. ಅಮಲಿಗೆ ನುಂಗುವವರೂ ಇರುವುದರಿಂದ ಡಾಕ್ಟರ ಚೀಟಿ ಬೇಕು, ಚೀಟಿಯಲ್ಲಿ ಬರೆದಷ್ಟು ತಿಂಗಳು ಮಾತ್ರ ಕೊಡಬೇಕು, ಕೊಟ್ಟಾಗಲೆಲ್ಲ ಚೀಟಿಯ ಹಿಂದೆ ಅಂಗಡಿಯ ಸೀಲು ಹೊಡೆದು ತಾರೀಖು ಹಾಕಬೇಕು. ಇಲ್ಲದಿದ್ದರೆ ಒಂದೇ ಚೀಟಿ ಹಿಡಿದು ನಾಲ್ಕು ಅಂಗಡಿ ತಿರುಗುತ್ತಾರೆ. ಇವರು ಮೊದಲ ತಿಂಗಳು ತಂದ ಚೀಟಿ ಎಣ್ಣೆ ಹೀರಿ ಗಾಜಿನಂತಾಗಿತ್ತು. ಸೀಲಿನ ಮಸಿ ಹರಡಿಹೋಯಿತು. ನಾನು ನಾಲ್ಕು ಜನರ ಮುಂದೆಯೇ ಶುರು ಮಾಡಿದೆ: "ಇದೇನ್ರಿ, ಡಾಕ್ಟರ ಚೀಟಿನೋ, ಮಿರ್ಚಿ ಕಟ್ಟಿದ ಪೇಪರೋ? ಒಂದು ಚೀಟಿ ನೀಟಾಗಿ ಇಟ್ಕಳಾಕೆ ಬರಲ್ವಾ?"

ಮುಂದಿನ ತಿಂಗಳು ಅದನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು. ನಾಲ್ಕೂ ಅಂಚು ಕತ್ತರಿಸಿ, ಒಳ್ಳೆಯ ದಪ್ಪ ಪ್ಲಾಸ್ಟಿಕ್. ಎಣ್ಣೆ ಕಲೆಗಳೂ ಒಳಗೆ ಭದ್ರ. ಮುಖದಲ್ಲಿ ಹೆಮ್ಮೆ. ಸೀಲು ಹೊಡೆದೆ, ಬೆರಳಿನಿಂದ ಒರೆಸಿದರೆ ಮಸಿ ಅಳಿಸಿಹೋಯಿತು. ನನಗೆ ನಗು ಬಂತು, ಸಿಟ್ಟೂ ಬಂತು. ಬೈದದ್ದು ನಾನೇ ಆದ್ದರಿಂದ ಸುಮ್ಮನೆ ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಟ್ಟೆ. ಮೂರನೇ ತಿಂಗಳೂ ಹಾಗೇ ಕೊಟ್ಟೆ.

ಅದಾದ ಎರಡೇ ವಾರಕ್ಕೆ ಡ್ರಗ್ ಇನ್ಸ್‌ಪೆಕ್ಟರ್ ತಪಾಸಣೆಗೆ ಬಂದರು. ರಿಜಿಸ್ಟರಿನ ಬೇರೊಂದು ಸಾಲಿನ ಮೇಲೆ ಬೆರಳಿಟ್ಟು "ಇದಕ್ಕೆ ಚೀಟಿಯ ತಾರೀಖು ಎಲ್ಲಿ?" ಅಂದರು. ವಿವರಣೆ ಬರೆದುಕೊಡುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಇನ್ನೊಂದು ಸಲ ಹೀಗಾದರೆ ಲೈಸೆನ್ಸ್ ಉಳಿಯುವುದಿಲ್ಲ ಎಂದು ಹೇಳಿ ಹೋದರು. ಈ ಹತ್ತಡಿ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಒಂದು ಮಂಗಳವಾರ ಮಂಡಕ್ಕಿಯವರು ಬಂದರು. ಚೀಟಿಯಲ್ಲಿ ಬರೆದಿದ್ದ ಮೂರು ತಿಂಗಳು ಮುಗಿದಿತ್ತು.

"ಆಗಲ್ಲ ಕಣ್ರಿ. ಅವಧಿ ಮುಗಿದೈತೆ. ಹೊಸದು ಬರೆಸ್ಕಂಡು ಬರ್ರಿ."

"ದುರ್ಗಕ್ಕೆ ನಿನ್ನೆನೇ ಹೋಗಿದ್ದೆ ಸಾರ್. ಡಾಕ್ಟ್ರು ಊರಾಗಿಲ್ಲ, ಶುಕ್ರವಾರ ಬರ್ತಾರಂತೆ. ಮನ್ಯಾಗೆ ನಾಳೆ ಬೆಳಿಗ್ಗಿಗಂಟ ಐತೆ ಅಷ್ಟೆ. ನಾಕು ಮಾತ್ರೆ ಕೊಡ್ರಿ ಸಾಕು."

ಚಿತ್ರದುರ್ಗದ ಆ ಆಸ್ಪತ್ರೆಗೆ ನಾನೇ ಫೋನ್ ಮಾಡಿದೆ. ಶುಕ್ರವಾರ ಎಂದೇ ಅಂದರು. ಅವರನ್ನು ನಮ್ಮೂರಿನ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಮೊದಲು ಬರೆದವರ ಹತ್ತಿರವೇ ಹೋಗಿ ಎಂದರಂತೆ ಅಲ್ಲಿ. ಒಂದು ಗಂಟೆ ಬಿಟ್ಟು ವಾಪಸ್ ಬಂದು ಅದೇ ಜಾಗದಲ್ಲಿ ನಿಂತರು. ಮಾತ್ರೆಯ ಸ್ಟ್ರಿಪ್ಪು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಈ ಮಾತ್ರೆ ಒಮ್ಮೆಗೇ ನಿಂತರೆ ಏನಾಗುತ್ತದೆ ಎಂಬುದು ಅವರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಕೊಟ್ಟರೆ ನನ್ನ ಅಂಗಡಿ, ಕೊಡದಿದ್ದರೆ ಆಕೆ. ಆ ಇಕ್ಕಟ್ಟಿನ ಸಿಟ್ಟನ್ನೆಲ್ಲ ಅವರ ಮೇಲೆಯೇ ಹಾಕಿದೆ: "ಮೂರು ತಿಂಗಳು ಅಂತ ಬರ್ದಿರಾದು ಕಾಣಲಿಲ್ವೇನ್ರಿ? ಒಂದು ವಾರ ಮೊದ್ಲೇ ಹೋಗಾಕೆ ಏನಾಗಿತ್ತು?"

ಅವರು ಚೀಟಿಯನ್ನು ಪಂಚೆಯ ತುದಿಯಲ್ಲಿ ಒರೆಸಿ ಜೇಬಿಗಿಟ್ಟುಕೊಂಡು ಹೋದರು.

ಬುಧವಾರ, ಗುರುವಾರ ನಾನು ಅಂಗಡಿಯಲ್ಲಿ ಇದ್ದೆ ಎನ್ನುವುದಷ್ಟೇ ನೆನಪು. ರಾಮಗಿರಿ ಕಡೆಯ ಬಸ್ಸು ಬಂದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದೆ. ಕಾಯುವ ಎಣ್ಣೆಯ ಬಾಂಡ್ಲಿಯ ಮುಂದೆ ಆಕೆ ನಿಂತಿರುವುದೇ ಕಣ್ಣಿಗೆ ಬರುತ್ತಿತ್ತು. ಹೆಂಡತಿಯನ್ನು ಒಲೆ ಹತ್ತಿರ ಬಿಡಬೇಡಿ ಎಂಬ ಒಂದು ಮಾತಾದರೂ ಹೇಳಬಹುದಿತ್ತು. ಅದಕ್ಕೆ ಯಾವ ಚೀಟಿಯೂ ಬೇಕಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಂದರು. ಹೊಸ ಚೀಟಿ ಕೌಂಟರಿನ ಮೇಲಿಟ್ಟರು. ಅದಕ್ಕೂ ಲ್ಯಾಮಿನೇಷನ್ ಆಗಿತ್ತು, ಪ್ಲಾಸ್ಟಿಕ್ ಇನ್ನೂ ಬಿಗಿಯಾಗಿ ಮಿರುಗುತ್ತಿತ್ತು.

"ಬಸ್ ಹತ್ತಾಕೆ ಮುಂಚೆ ಅಲ್ಲೇ ಮಾಡಿಸ್ಕಂಡೆ ಸಾರ್. ನೀವು ಬೈತೀರಿ ಅಂತ."

ಸೀಲು ಹಿಡಿಯುವುದಿಲ್ಲವಲ್ಲ, ಮಾರ್ಕರ್ ಪೆನ್ನಿನಿಂದ ಪ್ಲಾಸ್ಟಿಕ್ಕಿನ ಮೇಲೇ ತಾರೀಖು ಬರೆದೆ. ಸ್ಪಿರಿಟ್ ಹಚ್ಚಿ ಒರೆಸಿದರೆ ಅದೂ ಅಳಿಸಿಹೋಗುತ್ತದೆ, ನಿಯಮಕ್ಕೆ ಅದೂ ಸಲ್ಲುವುದಿಲ್ಲ. ಶುಕ್ರವಾರ ನಿಯಮ ಬಗ್ಗಿಸಿದ ಕೈ ಮಂಗಳವಾರ ಯಾಕೆ ಬಗ್ಗಿಸಲಿಲ್ಲ? ನಾಚಿಕೆಯಿಂದ ತಲೆ ಎತ್ತದೆಯೇ ಕೇಳಿದೆ: "ಮನೆಯವ್ರು ಹೆಂಗವ್ರೆ?"

"ಎರಡು ದಿನ ಒಲೆ ಹಚ್ಚಲಿಲ್ಲ ಸಾರ್, ಆಕಿನ ಒಲೆ ತಾವ ಬಿಡಾಕೆ ಧೈರ್ಯ ಬರ್ಲಿಲ್ಲ. ಬರೇ ಮಂಡಕ್ಕಿ ಮಾರಿದ್ವಿ. ನಿನ್ನೆ ಸಾಯಂಕಾಲ ಸ್ಟೇಷನ್ನಾಗೆ ಬಿದ್ಲು. ರೈಲು ಬರೋ ಹೊತ್ತು, ಎಲ್ರೂ ಇದ್ರು. ಪೆಟ್ಟೇನಿಲ್ಲ, ಈಗ ಚೆನ್ನಾಗವ್ಳೆ."

ಮಾತ್ರೆಯ ಕವರನ್ನು ಜೇಬಿಗೆ ಹಾಕಿಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ ಸಾರ್. ಹೆಂಗೂ ಊರಿಗೆಲ್ಲ ಗೊತ್ತಾತು. ಅಲ್ಲೇ ತಗಂತೀವಿ."

ನಾನು ಹಲಗೆ ಎತ್ತಿ ಹೊರಗೆ ಬಂದು ಅವರ ಹಿಂದೆ ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಯಾರೋ ಚೀಟಿ ಹಿಡಿದು ಕೌಂಟರಿನ ಮುಂದೆ ನಿಂತು "ಸಾರ್" ಎಂದು ಕೂಗಿದರು. ವಾಪಸ್ ಹೋಗಿ, ಹಲಗೆ ಇಳಿಸಿ, ಮೊದಲು ತಾರೀಖು ನೋಡಿದೆ.